ಕ್ಯಾನಿಗೆ ಹದಿನಾರು

ಬಟವಾಡಿಯಲ್ಲಿ ನಂದೊಂದು ಹೊಲದ ಔಷಧಿ ಅಂಗಡಿ. ಎಸೆಸೆಲ್ಸಿ ಗಣಿತ ಎರಡು ಸಲ ಕಟ್ಟಿ ಪಾಸಾದವನು ನಾನು. ಈಗ ನೋಡಿದ್ರೆ ಇಡೀ ದಿನ 'ಲೀಟರಿಗೆ ಇಷ್ಟಾದ್ರೆ ಕ್ಯಾನಿಗೆ ಎಷ್ಟು, ಗುಂಟೆಗೆ ಎಷ್ಟು' ಅಂತ ಹೇಳ್ಕೊಂಡು ಕೂತಿರ್ತೀನಿ. ಲೆಕ್ಕ ಸುಲಭ. ಅದರ ಮಧ್ಯೆ ಮನುಷ್ಯರು ಬಂದಾಗಲೇ ಫಜೀತಿ, ಅದೂ ವಾರಕ್ಕೊಂದಾದ್ರೂ ತಪ್ಪಲ್ಲ.

ಎಷ್ಟು ಗುಂಟೆ?

ಹಿಂದಿನ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬರು ಬಂದು, "ಹೇನಿಗೆ ಔಷಧಿ ಇದ್ಯಾ?" ಅಂದ್ರು. ಗಿಡಕ್ಕೆ ಹತ್ತೋ ಹೇನಿಗೆ ನಮ್ಮಲ್ಲಿ ಔಷಧಿ ದಂಡಿಯಾಗಿದೆ. ಹುಮ್ಮಸ್ಸಿನಲ್ಲಿ ಕ್ಯಾಲ್ಕುಲೇಟರ್ ಎಳ್ಕೊಂಡೆ.

"ಎಷ್ಟು ಗುಂಟೆಗಮ್ಮಾ?"

ಅವರು ನನ್ನನ್ನ ಕೆಂಗಣ್ಣಿಂದ ನೋಡಿ, "ಎರಡು ತಲೆಗೆ ಕಣ್ರೀ. ಒಂದು ನಂದು, ಒಂದು ನನ್ನ ಮಗಳದು. ಗುಂಟೆಗಟ್ಲೆ ಕಾಣ್ಸುತ್ತೇನ್ರೀ ನಿಮಗೆ?" ಅಂದ್ರು.

ಎರಡನೇ ಗುಂಟೆ

ಕೊತ್ತಗೆರೆ ಕಡೆಯ ಯಜಮಾನರೊಬ್ಬರು ಹೊಸ ಸ್ಪ್ರೇಯರ್ ತಗೊಂಡ್ರು. "ಮೊದಲು ಬರೀ ನೀರು ತುಂಬಿ ಒಂದು ಗುಂಟೆ ಹೊಡೆದು ನೋಡಿ. ಖರ್ಚಾದ ನೀರನ್ನ ನಲವತ್ತರಿಂದ ಗುಣಿಸಿದ್ರೆ ಎಕರೆ ಲೆಕ್ಕ" ಅಂತ ಹೇಳಿಕೊಟ್ಟೆ. ಮಾರನೇ ದಿನ ಫೋನ್.

"ಸಾಬ್ರೇ, ಮಿಷನ್ನು ಸರಿಯಿಲ್ಲ. ಮೊದಲ್ನೇ ಗುಂಟೆಗೆ ಐದು ಲೀಟರ್ ಕುಡೀತು, ಎರಡನೇದಕ್ಕೆ ಒಂಬತ್ತು."

"ಎರಡನೇ ಗುಂಟೇಲಿ ಏನಾಯ್ತು?"

"ಏನಿಲ್ಲ, ಬದುವಿನ ಮೇಲೆ ಬೀಗ್ರು ಬಂದ್ರು. ನಿಂತ್ಕೊಂಡು ಮಾತಾಡಿಸ್ದೆ."

"ಆಫ್ ಮಾಡಿ ಮಾತಾಡ್ಬೇಕಲ್ವಾ?"

"ಬೀಗ್ರು ಬರೋ ಹೊತ್ಗೆ ಕೆಲಸ ನಿಲ್ಸಿದ್ರೆ ಸೋಮಾರಿ ಅಂದ್ಕೊಳಲ್ವಾ? ಇರ್ಲಿ ಬುಡಿ, ಹಿಂಗೆ ಬರ್ಕೊತೀನಿ. ಎಕರೆಗೆ ಇನ್ನೂರು ಲೀಟರ್. ಬೀಗರ ಸಮೇತ ಮುನ್ನೂರ ಅರವತ್ತು."

ಹದಿನಾರು

ಇದರಲ್ಲಿ ತಪ್ಪು ನಂದೇ.

ಗುಬ್ಬಿ ಕಡೆಯ ಹೆಣ್ಣುಮಗಳೊಬ್ಬಳು ಮನೇಲಿ ಹಟ ಮಾಡಿ ಹತ್ತು ಗುಂಟೆಗೆ ಸೇವಂತಿಗೆ ಹಾಕಿದ್ಲು. "ಇದೊಂದು ಸಲ ಕೆಟ್ರೆ ಅಲ್ಲಿ ರಾಗಿನೇ, ಮತ್ತೆ ಹೂವಿನ ಮಾತೆತ್ತಬೇಡ" ಅಂತ ಅತ್ತೆ ಖಡಾಖಂಡಿತವಾಗಿ ಹೇಳಿದ್ರಂತೆ. ಮೊಗ್ಗು ಬಂತು, ಜೊತೆಗೆ ನುಸಿನೂ ಬಂತು. ಔಷಧಿ ಒಯ್ದವಳು ಹೊಲದಿಂದ ಫೋನ್ ಮಾಡಿ, "ಅಣ್ಣಾ, ಕ್ಯಾನಿಗೆ ಎಷ್ಟು ಹಾಕ್ಲಿ?" ಅಂದ್ಲು.

ಅಂಗಡಿ ತುಂಬ ಜನ. "ಲೀಟರಿಗೆ ಒಂದು. ನಿಂದು ಹದಿನಾರು ಲೀಟರ್ ಸ್ಪ್ರೇಯರ್ ಕ್ಯಾನು, ಹದಿನಾರು ಹಾಕಮ್ಮ" ಅಂದು ಇಟ್ಬಿಟ್ಟೆ. ನಮ್ಮ ಬಾಯಲ್ಲಿ ಒಂದು ಅಂದ್ರೆ ಒಂದು ಎಂ.ಎಲ್. ಅವಳ ಕೈಲಿದ್ದದ್ದು ಬಾಟಲಿ ಮುಚ್ಚಳ.

ಮತ್ತೆ ಫೋನ್. "ಅಣ್ಣಾ, ಹದಿನಾರು ಮುಚ್ಚಳ ಹಾಕಿ ಕಲಸ್ದೆ. ವಾಸನೆಗೆ ಅತ್ತೆ ಹೊಡೀಬೇಡ ಅಂತ ಅಡ್ಡ ನಿಂತವ್ರೆ."

ಯಾ ಅಲ್ಲಾ! ಆ ಮುಚ್ಚಳ ಹತ್ತು ಎಂ.ಎಲ್. ಹಿಡಿಯುತ್ತೆ. ಹೊಡೆದಿದ್ರೆ ಮೊಗ್ಗೆಲ್ಲ ಸೀದು ಹೋಗ್ತಿತ್ತು.

"ನಿಮ್ಮತ್ತೆ ಪುಣ್ಯಾತ್ಗಿತ್ತಿ ಕಣಮ್ಮ! ಅದನ್ನ ಡ್ರಮ್ಮಿಗೆ ಹುಯ್ದು, ನೀರು ಸೇರ್ಸಿ ಒಟ್ಟು ನೂರ ಅರವತ್ತು ಲೀಟರ್ ಮಾಡು, ಸರಿಹೋಗುತ್ತೆ. ಗುಂಟೆಗೆ ಐದರಂಗೆ ನಿಂಗೆ ಐವತ್ತು ಸಾಕು."

"ಮಿಕ್ಕಿದ್ದು?"

"ನಾಳೆಗೆ ಇಡಂಗಿಲ್ಲ, ಚೆಲ್ಲಂಗೂ ಇಲ್ಲ. ಅಕ್ಕಪಕ್ಕ ಇನ್ನಿಪ್ಪತ್ತೆರಡು ಗುಂಟೆ ಸೇವಂತಿಗೆ ಇದ್ಯಾ?"

ಅವಳು ದನಿ ತಗ್ಗಿಸಿ, "ಐತೆ. ನಮ್ಮ ಓರಗಿತ್ತೀದು. ತೆಂಗಿನ ಗರಿ ಯಾರ ಕಡೆ ಬಿತ್ತು ಅಂತ ಜಗಳ ಆಗಿ ಎರಡು ವರ್ಷದಿಂದ ಮಾತಿಲ್ಲ" ಅಂದ್ಲು.

"ಹೂವು ಉಳೀಬೇಕಾದ್ರೆ ಹೋಗಿ ಅವಳನ್ನ ಕರ್ಕೊಂಡು ಬಾರಮ್ಮ" ಅಂದೆ.

ಸಂಜೆ ಅದೇ ನಂಬರಿಂದ ಫೋನ್ ಬಂತು. ಮಾತಾಡಿದ್ದು ಅತ್ತೆ.

"ಸಾಬ್ರೇ, ಎರಡೂ ಹೊಲಕ್ಕೆ ಹೊಡೆದಾಯ್ತು. ಸೊಸೇರಿಬ್ರೂ ಸ್ನಾನ ಮಾಡ್ಕೊಂಡು ಒಂದೇ ಜಗಲಿ ಮೇಲೆ ಕಾಫಿ ಕುಡೀತವ್ರೆ. ಎರಡು ವರ್ಷದಿಂದ ನಾನು ಅತ್ತಿದ್ದು ಅಷ್ಟಿಷ್ಟಲ್ಲ."

"ತಪ್ಪಾಯ್ತಮ್ಮ, ಇನ್ಮೇಲೆ ಸರಿಯಾಗಿ ಬಿಡಿಸಿ ಹೇಳ್ತೀನಿ" ಅಂದೆ.

"ಅದಿರ್ಲಿ ಬುಡಿ. ನನ್ನ ಮಗಳೂ ಮುನಿಸ್ಕೊಂಡು ಮೂರು ವರ್ಷ ಆಯ್ತು. ಅವಳದು ಒಂದೆಕರೆ ಹೂವೈತೆ. ಎಷ್ಟು ಮುಚ್ಚಳ ಹಾಕ್ಸಲಿ?"