ಮುಟ್ಟದೆ ಬಿಟ್ಟ ಜಾಗ

ರಾದ್ಧಾಂತವೆಲ್ಲ ಶುರುವಾದದ್ದು ಅಳಿಯನ ಕಪ್ಪು ಪ್ಯಾಂಟಿನಿಂದ. ಮಾವನ ಹಿತ್ತಲಿನ ಈಜುಕೊಳದ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು ಎದ್ದವನ ಹಿಂಭಾಗದಲ್ಲಿ ಎರಡು ಬೆಳ್ಳನೆಯ ವೃತ್ತಗಳು ಮೂಡಿದ್ದವು. ಅದು ತಿಳಿಯದೆ ನೇರ ಆಫೀಸಿಗೆ ಹೋಗಿ, ಬೋರ್ಡಿನ ಕಡೆ ಮುಖ ಮಾಡಿ, ಮೇಲಧಿಕಾರಿಗಳಿಗೆಲ್ಲ ಬೆನ್ನು ತೋರಿಸುತ್ತ ಲೆಕ್ಕ ವಿವರಿಸಿದ್ದ.

ಮಗಳ ಫೋನು ಬಂತು. "ಅಪ್ಪಾ, ಭಾನುವಾರ ಸಂಜೆ ಬರ್ತೀನಿ. ಅಷ್ಟರಲ್ಲಿ ಆ ಕೊಳ ಸರಿಯಾಗಿರ್ಬೇಕು. ಇಲ್ಲಾಂದ್ರೆ ಮಣ್ಣಿನ ಲಾರಿ ಕರೆಸಿ ತುಂಬಿಸಿಬಿಡ್ತೀನಿ. ಅಮ್ಮನೇ ಇಲ್ಲ, ಇನ್ನು ಇಳಿಯೋರ್ಯಾರು ಅದ್ರಲ್ಲಿ?"

ಅವಳಪ್ಪ, ಗಡಿಯಾರ ರಿಪೇರಿಯ ಮುದುಕರು, ಫೋನಿಟ್ಟು ಹಿತ್ತಲಿಗೆ ಹೋದರು. ಈಜುಕೊಳವೆನ್ನುವುದೂ ದೊಡ್ಡ ಮಾತೇ. ಹೆಂಡತಿಯ ಮಂಡಿನೋವಿಗೆ ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ನೆಲದಲ್ಲಿ ಕೂರಿಸಿದ ನೀಲಿ ಫೈಬರ್ ತೊಟ್ಟಿ ಅದು. ಬಿಸಿಲು ಕ್ಲೋರಿನ್ನು ಎರಡೂ ಸೇರಿ, ನೀಲಿಯ ಮೇಲೆಲ್ಲ ಸೀಮೆಸುಣ್ಣದಂಥ ಪುಡಿ ಎಬ್ಬಿಸಿದ್ದವು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಮಾತ್ರ ಒಂದೆಡೆ ಪುಡಿಯಿರಲಿಲ್ಲ. ದಿನವೂ ಆಕೆ ಅಲ್ಲೇ ಅಂಗೈ ಊರಿ ಇಳಿಯುತ್ತಿದ್ದಳು. ಬಿಳಿಯ ನಡುವೆ ಐದು ಬೆರಳಿನ ಒಂದು ನೀಲಿ ಕೈ ಉಳಿದಿತ್ತು. ಆಕೆ ಹೋದ ಮೇಲೆ ಅಂಗಡಿಗೆ ಹೊರಡುವ ಮುಂಚೆ ಅವರು ಅದನ್ನೊಮ್ಮೆ ನೋಡಿಕೊಂಡು ಹೋಗುತ್ತಿದ್ದರು. ಮುಟ್ಟುತ್ತಿರಲಿಲ್ಲ, ಅಳಿಸಿಹೋದೀತೆಂಬ ಭಯ.

ಭಾನುವಾರ ಬೆಳಿಗ್ಗೆ ತೊಟ್ಟಿ ಖಾಲಿ ಮಾಡಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಆ ಕೈಯ ಅಳತೆಗೆ ಪ್ಲಾಸ್ಟಿಕ್ ಟೇಪು ಕತ್ತರಿಸಿ ಅಂಟಿಸಿದರು. ಒಂದೊಂದು ಬೆರಳಿಗೂ ಬೇರೆ ಬೇರೆ ತುಂಡು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸುತ್ತ ಚೂರು ಬಿಳಿ ಉಳಿದರೂ ಮಗಳು ಲಾರಿ ಕರೆಸುವವಳೇ.

ಕಾಂಪೌಂಡಿನಾಚೆಯಿಂದ ಹಲ್ಲಿನ ಡಾಕ್ಟರು ಇಣುಕಿದರು. "ಏನ್ ಸಾರ್, ಗೋಡೆಗೆ ಗ್ಲೌಸ್ ಹಾಕಿದೀರಾ?"

"ಅಲ್ಲೊಂದು ಬಿರುಕಿದೆ. ಯಾರೂ ಮುಟ್ಬಾರ್ದು."

"ಬಿರುಕಾ? ತೋರ್ಸಿ, ತುಂಬಿಸಿಬಿಡ್ತೀನಿ."

"ಬೇಡ್ರೀ. ಅದೇನೂ ನೋಯ್ತಿಲ್ಲ."

ಡಾಕ್ಟರು ಕೇಳುವವರೇ? ಕಾರು ಪಾಲಿಶ್ ಮಾಡುವ ಯಂತ್ರ ಹಿಡಿದು ಹಾರಿ ಬಂದರು. ಹಿಂದೆಯೇ ಎದುರುಮನೆ ಟೀಚರಮ್ಮ. "ಜೀವಮಾನವೆಲ್ಲ ಸೀಮೆಸುಣ್ಣದ ಪುಡಿ ಕುಡ್ದೋಳು ನಾನು. ನನ್ಮಾತು ಕೇಳಿ, ವಿನಿಗರ್ ಹಾಕಿ!" ಎನ್ನುತ್ತಲೇ ಬಾಟಲಿ ಬಗ್ಗಿಸಿದರು.

ಪುಡಿ ಹೋಗಲಿಲ್ಲ, ಮೂವರ ಕಣ್ಣಲ್ಲೂ ನೀರು ಬಂತು. ಒದ್ದೆ ಮರಳುಕಾಗದ ಹಿಡಿದು ತಿಕ್ಕಿದರು. ಮೈಯೆಲ್ಲ ಬಿಳಿ ಕೆಸರು. ಯಂತ್ರ ಹಚ್ಚಿದ ಡಾಕ್ಟರು ಗಿರ್ರನೆ ತಾವೇ ತಿರುಗಿದರು. ಟೀಚರಮ್ಮ ಜಾರಿ, ಮಕ್ಕಳ ಜಾರುಬಂಡೆಯಲ್ಲಿ ಬಂದಂತೆ ಅವರ ಕಾಲಬುಡಕ್ಕೆ ಬಂದು ಕೂತರು. ಅಷ್ಟರಲ್ಲಿ ಬಂದ ಹಾಲಿನವನು ಬಿಳಿಚಿದ ಮೂರು ಮುಖಗಳಲ್ಲಿ ಕಣ್ಣೀರು ಕಂಡು ಟೋಪಿ ತೆಗೆದ. "ಅಯ್ಯೋ, ಮತ್ತೆ ಯಾರು ಹೋದ್ರು?"

"ಯಾರೂ ಇಲ್ಲಪ್ಪಾ, ಪಾಲಿಶು," ಎಂದರು ಟೀಚರಮ್ಮ.

ಮಧ್ಯಾಹ್ನ ಟೀಚರಮ್ಮನ ಉಗುರು ಟೇಪಿನ ಹೆಬ್ಬೆರಳಿನತ್ತ ಹೋಯಿತು. ಮುದುಕರು ಅಡ್ಡ ಹಾರಿ ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಅಲ್ರೀ, ಬಿರುಕಿಗೆ ಇಷ್ಟೊಂದಾ?"

"ಅಷ್ಟೇ ಅಮ್ಮ. ಇಷ್ಟೊಂದೇ."

ಸಂಜೆಗೆ ತೊಟ್ಟಿ ಹೊಸ ಗಡಿಯಾರದ ಗಾಜಿನಂತೆ ಹೊಳೆಯಿತು. ಮಗಳು ಬಂದಳು, ಬೆರಳಾಡಿಸಿ ನೋಡಿದಳು. "ಎಷ್ಟು ಚೆನ್ನಾಗಾಗಿದೆ ಅಪ್ಪಾ! ಸರಿ, ಲಾರಿ ಬೇಡ ಬಿಡಿ. ಇದೊಂದು ಟೇಪು ಯಾಕೆ ಉಳೀತು?"

"ಅದಾ? ಅದು ನಿಮ್ಮಮ್ಮಂದು. ತೋರಿಸ್ತೀನಿ ತಾಳು."

ಗಡಿಯಾರದ ಬೆನ್ನು ಬಿಚ್ಚುವಷ್ಟು ಮೆಲ್ಲಗೆ ಒಂದೊಂದೇ ಬೆರಳು ಕಿತ್ತರು. ಕೊನೆಗೆ ಅಂಗೈ.

ಕೆಳಗೆ ನೀಲಿಯಿತ್ತು. ಪಕ್ಕದಲ್ಲೂ ಅದೇ ನೀಲಿ, ಮೇಲೆ, ಕೆಳಗೆ, ಎಲ್ಲೆಲ್ಲೂ. ಬೆರಳುಗಳು ಎಲ್ಲಿ ಶುರುವಾಗುತ್ತಿದ್ದವು, ಎಲ್ಲಿ ಮುಗಿಯುತ್ತಿದ್ದವು, ತಿಳಿಯಲೇ ಇಲ್ಲ. ಅವರು ಭೂತಗನ್ನಡಿ ಹಾಕಿ ಹುಡುಕಿದರು. ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.

"ಎಲ್ಲಪ್ಪಾ? ಏನೂ ಇಲ್ವಲ್ಲ?" ಎಂದಳು ಮಗಳು.

ಮೊದಲ ಬಾರಿಗೆ ಅವರು ಅಲ್ಲಿ ತಮ್ಮ ಅಂಗೈ ಊರಿದರು. ಇಲ್ಲೇ ಇರಬೇಕು. ಅಥವಾ ಇನ್ನೊಂಚೂರು ಆಚೆ.

ಇನ್ನೂ ಅಲ್ಲೇ ಇದ್ದ ಡಾಕ್ಟರು ಖುಷಿಯಿಂದ ಅವರ ಕೈ ಹಿಡಿದು ತಿರುಗಿಸಿ ಎಲ್ಲರಿಗೂ ತೋರಿಸಿದರು. "ನೋಡಿ ಸಾರ್, ಒಂದು ಚೂರೂ ಅಂಟಿಲ್ಲ!"