ಮಗಳ ಫ್ಲ್ಯಾಶಿಗೊಂದು ಸ್ಟ್ಯಾಂಡು

ಕಣ್ಣಿಗೆ ಕಾಣದೆ ಕೆಲಸ ಮಾಡುವ ಯಾವುದನ್ನೂ ನಂಬುವುದು ನನ್ನಿಂದ ಆಗುವುದಿಲ್ಲ. ದೇವರಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದೇನೆ, ಅದೂ ಹೆಂಡತಿಯ ಶಿಫಾರಸಿನ ಮೇಲೆ. ಉಳಿದಂತೆ, ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ದೀಪ ಹತ್ತಬೇಕಾದರೆ ನಡುವೆ ಒಂದು ತಂತಿ ಇರಲೇಬೇಕು, ಆ ತಂತಿಯನ್ನು ನಾನು ಕೈಯಾರೆ ಮುಟ್ಟಿ ನೋಡಿರಬೇಕು. ಇದು ಹುಟ್ಟುಗುಣವಲ್ಲ, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕಳೆದ ಆಯುಷ್ಯದ ಕೊಡುಗೆ. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದಾಗ ಪ್ರತಾಪ ನಗರದ ಬಾಡಿಗೆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಹಾಲು ಉಕ್ಕಿಸಿದ್ದಲ್ಲ, ಬಾಗಿಲಿನ ವೈರ್‌ಲೆಸ್ ಕರೆಗಂಟೆ ಕಿತ್ತು ತಂತಿಯ ಗಂಟೆ ಕೂಡಿಸಿದ್ದು. ಹಾಲು ತಾನಾಗಿಯೇ ಉಕ್ಕಿತು, ಆಗ ಒಲೆಯ ಹತ್ತಿರ ಯಾರೂ ಇರಲಿಲ್ಲ. ತಂತಿಯ ಗಂಟೆಯೂ ಕೈಕೊಟ್ಟರೆ ಇರಲಿ ಎಂದು ಬಾಗಿಲು ಬಡಿಯಲು ಹಿತ್ತಾಳೆಯ ಬಳೆಯೊಂದನ್ನು ಬೇರೆ ಜೋತುಹಾಕಿದ್ದೇನೆ. ಎಲ್ಲದಕ್ಕೂ ಒಂದು ಸ್ಟ್ಯಾಂಡ್‌ಬೈ ಇರಬೇಕು ಎಂಬುದು ನನ್ನ ಎರಡನೆಯ ನಂಬಿಕೆ. ಮಗಳು ಮೇಘಾ ಇದನ್ನು ಕೇಳಿ ಕೇಳಿಯೇ ಬೆಳೆದಳು. ಕೇಳಿದ್ದು ಅವಳ ತಲೆಗೂ ಹೋಗಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಮೇಘಾ ಇಲ್ಲಿನ ಕಾಲೇಜೊಂದರಲ್ಲಿ ಫೋಟೊಗ್ರಫಿ ಓದುತ್ತಾಳೆ. ಫೋಟೊ ತೆಗೆಯುವುದನ್ನು ಓದುವುದು ಹೇಗೆ ಎಂದು ಮೊದಮೊದಲು ನನಗೂ ಅನಿಸಿತ್ತು, ಈಗ ರೂಢಿಯಾಗಿದೆ. ಈ ಸಲ ಅವರಿಗೆ ಕೊಟ್ಟ ವಿಷಯ ದುಡಿಯುವವರ ಮುಖ. ಹಿಂದಿನ ಸಲ ಅವಳು ತೆಗೆದ ಚಿತ್ರಗಳನ್ನು ನೋಡಿ ಮೇಷ್ಟ್ರು, ಎಲ್ಲ ರೇಷನ್ ಕಾರ್ಡಿಗೆ ತೆಗೆಸಿದ ಹಾಗಿವೆ ಎಂದಿದ್ದರಂತೆ. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈ ಸಲವೂ ಹಾಗೇ ಆದರೆ ವರ್ಷದ ಕೊನೆಯ ಪ್ರದರ್ಶನದಲ್ಲಿ ಅವಳದೊಂದು ಚಿತ್ರವೂ ಗೋಡೆ ಏರುವುದಿಲ್ಲ. ತಪ್ಪೆಲ್ಲ ಬೆಳಕಿನದು ಎಂದು ಅವಳು ನನಗೆ ವಿವರಿಸಿದಳು. ಫ್ಲ್ಯಾಶು ಕ್ಯಾಮೆರಾದ ನೆತ್ತಿಯ ಮೇಲೆ ಕೂತರೆ ಬೆಳಕು ನೇರ ಮೂಗಿಗೆ ಬಡಿದು ಮುಖ ಚಪಾತಿಯಂತೆ ಚಪ್ಪಟೆಯಾಗುತ್ತದೆ. ಅದನ್ನು ಇಳಿಸಿ ಪಕ್ಕಕ್ಕೆ, ಸ್ವಲ್ಪ ಎತ್ತರಕ್ಕೆ ಒಯ್ದರೆ ಕೆನ್ನೆಯ ಮೇಲೆ ನೆರಳು ಬೀಳುತ್ತದೆ, ಹಣೆಯ ಗೆರೆಗಳು ಎದ್ದು ಕಾಣುತ್ತವೆ. ಅದಕ್ಕೆ ಬೇಕಾದದ್ದು ಒಂದು ಫ್ಲ್ಯಾಶು, ಅದನ್ನು ನಿಲ್ಲಿಸಲು ಸ್ಟ್ಯಾಂಡು, ಬೆಳಕು ಮೆತ್ತಗಾಗಲು ಬಿಳಿ ಕೊಡೆ. ದೂರದಿಂದ ಅದನ್ನು ಹೊತ್ತಿಸಲು ಟ್ರಿಗರ್ ಎಂಬ ಪುಟ್ಟ ಡಬ್ಬಿಯೂ ಬೇಕು, ಅದು ವೈರ್‌ಲೆಸ್.

ಕೊನೆಯ ಶಬ್ದ ಕೇಳಿದ ಕೂಡಲೇ ಅಂಗಡಿಗೆ ನಾನೂ ಬರುವುದಾಗಿ ಹೇಳಿದೆ. "ಅಕಿ ಕಲಿಯೋ ವಿದ್ಯಾ ಅದು, ಅಕಿಗೇ ಬಿಡ್ರಿ," ಎಂದಳು ನನ್ನ ಹೆಂಡತಿ ಸುನಂದಾ. ಬಿಡಲಿಲ್ಲ. ಸೀತಾಬರ್ಡಿಯ ಅಂಗಡಿಯವನು ಪಾಪ ಸಭ್ಯ ಮನುಷ್ಯ. ಬೆಳಕನ್ನು ತಾನೇ ಲೆಕ್ಕ ಹಾಕುವ ಫ್ಲ್ಯಾಶು, ಕೈಯಿಂದ ಹೆಚ್ಚುಕಡಿಮೆ ಮಾಡುವ ಫ್ಲ್ಯಾಶು ಎರಡನ್ನೂ ತೋರಿಸಿದ. ಕಲಿಯುವವರಿಗೆ ಕೈಯಿಂದ ತಿರುಗಿಸುವುದೇ ಒಳ್ಳೆಯದು ಎಂದಳು ಮೇಘಾ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿತ್ತು. ಆಮೇಲೆ ಅವನು ಟ್ರಿಗರ್ ಹೊರತೆಗೆದ. ಈ ಕಡೆಯ ಸಂಕೇತ ಆ ಕಡೆ ತಲುಪಿದ್ದಕ್ಕೆ ಪುರಾವೆ ಏನು, ನಡುವೆ ಗೋಡೆ ಬಂದರೆ ಏನು ಗತಿ, ಪಕ್ಕದವನ ಕ್ಯಾಮೆರಾ ಒತ್ತಿದರೆ ನಮ್ಮ ಫ್ಲ್ಯಾಶು ಹೊತ್ತೀತೇ ಎಂದೆಲ್ಲ ವಿಚಾರಿಸಿದೆ. ಅವನು ಅಷ್ಟಕ್ಕೂ ಉತ್ತರ ಕೊಟ್ಟ, ಕೊನೆಗೆ ಚಹಾ ತರಿಸಿದ.

"ಅಪ್ಪಾ, ಎಲ್ಲಾರೂ ಇದನ್ನ ವಾಪರಸ್ತಾರ. ಬರೋಬರ್ ಕೆಲಸ ಮಾಡತೈತಿ," ಎಂದಳು ಮೇಘಾ.

"ಎಲ್ಲಾರೂ ಮಾಡ್ತಾರಂತ ನಾನು ಸಿಗ್ನಲ್ ಕೊಟ್ಟಿದ್ರ ಇಷ್ಟೊತ್ತಿಗೆ ಎಷ್ಟು ಗಾಡಿ ಹಳಿ ಬಿಡ್ತಿದ್ದವು ಗೊತ್ತೈತೇನು?" ಎಂದೆ.

ಕಪಾಟಿನ ತಳದಿಂದ, ಧೂಳು ಹಿಡಿದ ಉದ್ದನೆಯ ಕೇಬಲ್ ಒಂದು ಹೊರಬಂತು. ಕ್ಯಾಮೆರಾಕ್ಕೆ ಒಂದು ತುದಿ, ಫ್ಲ್ಯಾಶಿಗೆ ಇನ್ನೊಂದು. ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ಸಂಬಂಧಿಕರು ಸಿಕ್ಕಷ್ಟು ಸಂತೋಷವಾಯಿತು. ಮೇಘಾ ಒಂದು ಗಳಿಗೆ ನನ್ನ ಮುಖ ನೋಡಿ, "ಆತು ಅಪ್ಪಾ," ಎಂದಳು. ನಮ್ಮ ಮನೆಯಲ್ಲಿ ಯಾರೂ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ, ನಾನು ಆಗಲೇ ಎಚ್ಚರಗೊಳ್ಳಬೇಕಿತ್ತು.

ಫೋಟೊ ತೆಗೆಯಲು ಅವಳು ಆರಿಸಿಕೊಂಡದ್ದು ಕಳಮನಾ ಮಾರುಕಟ್ಟೆಯ ಮೆಣಸಿನಕಾಯಿ ಅಂಗಳ. ನನ್ನ ಸಹೋದ್ಯೋಗಿಯ ಪರಿಚಯದ ವ್ಯಾಪಾರಿಯೊಬ್ಬರು ಒಂದು ಬೆಳಗಿನ ಮಟ್ಟಿಗೆ ಅನುಮತಿ ಕೊಟ್ಟಿದ್ದರು. ಅವರದು ಒಂದೇ ಷರತ್ತು: "ಕಾಮ್ ನಹೀ ರುಕನಾ ಚಾಹಿಯೇ." ಕೆಲಸ ನಿಲ್ಲಬಾರದು, ಅಷ್ಟೇ. ತಗಡಿನ ಮಾಡಿನ ಒಳಗೆ ಮಬ್ಬುಗತ್ತಲೆ, ಹೊರಗೆ ಲಾರಿ, ನಡುವೆ ಬೆನ್ನ ಮೇಲೆ ಚೀಲ ಹೊತ್ತು ಸಾಗುವ ಹಮಾಲರ ಸಾಲು. ಮೇಘಾ ಆ ಸಾಲಿನ ಮುಂದಾಳು, ಕಿಸನ್‌ಭಾವು ಎಂಬ ಹಿರಿಯ ಹಮಾಲನನ್ನು ಮಾತಾಡಿಸುತ್ತಿದ್ದಳು. ನಾನು ಸ್ಟ್ಯಾಂಡು ನಿಲ್ಲಿಸಿ, ಕೇಬಲ್ ಎಳೆದು, ಯಾರಾದರೂ ಎಡವಿಯಾರು ಎಂದು ಅದರ ಉದ್ದಕ್ಕೂ ಕೆಂಪು ಬಟ್ಟೆಯ ಚೂರುಗಳನ್ನು ಕಟ್ಟಿದೆ. ಕೆಂಪು ಬಟ್ಟೆ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಸಿಗ್ನಲ್‌ನವರ ಚೀಲದಲ್ಲಿ ಇನ್ನೇನು ಇದ್ದೀತು.

ಬೆನ್ನು ಬಾಗಿಸಿ ನೆಲ ನೋಡುತ್ತ ಬಂದ ಮೊದಲ ಹಮಾಲನ ಕಣ್ಣಿಗೆ ಕೆಂಪು ಬಟ್ಟೆ ಬಿತ್ತು. ಅವನು ನಿಂತ. ಅವನ ಹಿಂದಿನವನೂ ನಿಂತ. ನೋಡುನೋಡುತ್ತಿದ್ದಂತೆ ಅಂಗಳದ ಆ ತುದಿಯವರೆಗೆ ಚೀಲಗಳು ಬೆನ್ನ ಮೇಲೆಯೇ ನಿಂತವು. ದಾಟಬಹುದು, ದಾಟಬಹುದು ಎಂದು ನಾನು ಕೈ ಬೀಸಿದೆ. "ಲಾಲ್ ಕಪ್ಡಾ ದಿಖಾ ತೋ ರುಕನಾ ಪಡ್ತಾ ನಾ, ಸಾಹಬ್," ಎಂದ ಆ ಮೊದಲನೆಯವ. ಕೆಂಪು ಕಂಡರೆ ನಿಲ್ಲಬೇಕೆಂದು ಲೋಕಕ್ಕೆ ಕಲಿಸಿದ ಇಲಾಖೆಯವನೇ ನಾನು. ಗಾದಿಯಿಂದ ವ್ಯಾಪಾರಿ ಎದ್ದುಬಂದು, ಫೋಟೊ ಸಾಕು, ಸಾಮಾನು ಕಟ್ಟಿ ಎಂದರು. ಮೇಘಾಳ ಮುಖ ಬಿಳುಚಿತು. ಇನ್ನೂ ಒಂದು ಚಿತ್ರವೂ ಆಗಿರಲಿಲ್ಲ. ನನಗೆ ನಿಜಕ್ಕೂ ಕೆಟ್ಟದೆನಿಸಿತು.

ಅವಳು ಸರಸರ ಕೇಬಲ್ ಸುತ್ತಿ ನನ್ನ ಕೈಗಿಟ್ಟು, ತನ್ನ ಚೀಲದಿಂದ ಪುಟ್ಟ ಡಬ್ಬಿ ತೆಗೆದು ಕ್ಯಾಮೆರಾಕ್ಕೆ ಸಿಕ್ಕಿಸಿದಳು. ಗೆಳತಿ ಶ್ರದ್ಧಾಳಿಂದ ಕೇಳಿ ತಂದ ಟ್ರಿಗರ್.

"ಇದ್ಯಾವಾಗ ತಂದಿ?" ಎಂದೆ.

"ನೀವ ಹೇಳ್ತೀರಲ್ಲಾ, ಸ್ಟ್ಯಾಂಡ್‌ಬೈ ಇರಬೇಕಂತ. ಜಲ್ದಿ ಫ್ಲ್ಯಾಶ್ ಬಿಚ್ಚರಿ. ಸ್ಟ್ಯಾಂಡಿನ ಕಾಲೂ ಅವ್ರಿಗೆ ಅಡ್ಡ ಬರ್ತಾವ. ನೀವ ಹಿಡ್ಕೊಂಡು ನಿಲ್ಲರಿ."

ಸಾಲು ಮತ್ತೆ ಸಾಗಿತು, ವ್ಯಾಪಾರಿ ಗೊಣಗುತ್ತ ಕೂತರು. ನಾನು ಒಂದು ಕೈಯಲ್ಲಿ ಫ್ಲ್ಯಾಶು, ಇನ್ನೊಂದರಲ್ಲಿ ಬಿಳಿ ಕೊಡೆ ಎತ್ತಿ ಚೀಲಗಳ ಸಂದಿಯಲ್ಲಿ ನಿಂತೆ. ಮೇಲೆ, ಎಡಕ್ಕೆ, ಅಲ್ಲಾಡಬ್ಯಾಡರಿ ಎಂದು ಅಪ್ಪಣೆಗಳು ಬಂದವು. ಕಣ್ಣಿಗೆ ಕಾಣದ ಸಂಕೇತ ಪ್ರತಿ ಸಲವೂ ಬಂದು ನನ್ನ ಕೈಯಲ್ಲೇ ಬೆಳಕು ಹೊತ್ತಿಸಿತು. ಪುರಾವೆ ಕೇಳಿದ್ದೆನಲ್ಲ, ಸಿಕ್ಕಿತು. ಕಿಸನ್‌ಭಾವು ಮಾತ್ರ ಕ್ಯಾಮೆರಾದ ಎದುರು ಕಂಬದಂತೆ ಬಿಗಿದು ನಿಂತಿದ್ದ. ಅಷ್ಟರಲ್ಲಿ ಮೆಣಸಿನ ಘಾಟು ಏರಿ ನನಗೆ ದೊಡ್ಡದೊಂದು ಸೀನು ಬಂತು, ಕೊಡೆ ನನ್ನದೇ ತಲೆಯ ಮೇಲೆ ಕವುಚಿತು. "ಸಾಹಬ್, ಅಂದರ್ ಭೀ ಬಾರಿಶ್ ಹೋ ರಹೀ ಕ್ಯಾ?" ಎಂದು ಕಿಸನ್‌ಭಾವು ನನ್ನ ಕಡೆ ತಿರುಗಿ, ಒಳಗೂ ಮಳೆ ಬಂತೇ ಎಂಬಂತೆ ಕೊಡೆ ನೋಡಿ, ಬಾಯ್ತುಂಬ ನಕ್ಕ. ಮೇಘಾ ಗುಂಡಿ ಒತ್ತಿದಳು.

ಪ್ರದರ್ಶನದಲ್ಲಿ ಆ ಚಿತ್ರ ಬಾಗಿಲಿಗೆ ಎದುರಾಗಿಯೇ ತೂಗಿದೆ. ಕೆನ್ನೆಯ ಮೇಲೆ ನೆರಳು, ಹಣೆಯ ಗೆರೆಗಳಲ್ಲಿ ಮೆಣಸಿನ ಕೆಂಪು ಧೂಳು, ಪಕ್ಕಕ್ಕೆ ಹೊರಳಿದ ನಗು. ಬೆಳಕು ಇರಬೇಕಾದಲ್ಲೇ ಇದೆ ಎಂದರಂತೆ ಮೇಷ್ಟ್ರು. ಅವನು ಏನು ನೋಡಿ ಇಷ್ಟು ನಗುತ್ತಿದ್ದಾನೆ ಎಂದು ನನ್ನ ಪಕ್ಕ ನಿಂತಿದ್ದ ಹೆಂಗಸೊಬ್ಬರು ಕೇಳಿದರು. ಗೊತ್ತಿಲ್ಲ ಎಂದೆ.

ಮೊನ್ನೆ ಮೇಘಾ ಫೋನಿನಲ್ಲಿ ಶ್ರದ್ಧಾಳಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು: ನಮ್ಮ ಸ್ಟ್ಯಾಂಡು ಗಟ್ಟಿಮುಟ್ಟಾಗಿದೆ, ಹೇಳಿದಲ್ಲಿ ನಿಲ್ಲುತ್ತದೆ, ಆದರೆ ಸೀನುತ್ತದೆ ಮತ್ತು ಸಲಹೆ ಕೊಡುತ್ತದೆ. ಟ್ರಿಗರ್ ಕೊಟ್ಟ ಉಪಕಾರಕ್ಕೆ ಪ್ರತಿಯಾಗಿ ಮುಂದಿನ ಭಾನುವಾರ ಶ್ರದ್ಧಾಳ ಕೆಲಸಕ್ಕೆ ಆ ಸ್ಟ್ಯಾಂಡನ್ನು ಕೊಡುವುದೆಂದು ಇಬ್ಬರ ನಡುವೆ ಮಾತಾಗಿದೆ. ನನ್ನನ್ನು ಯಾರೂ ಕೇಳಿಲ್ಲ. ಸ್ಟ್ಯಾಂಡನ್ನು ಯಾರು ಕೇಳುತ್ತಾರೆ?