ಐಸ್ ಯಂತ್ರದ ಮುಚ್ಚಳಕ್ಕೆ ಗೆರೆ ಬೇಕೇ?

ಎದುರಿಗೆ ಗಾಜು ಉಂಟೆಂದು ತಿಳಿಯದೆ ನಡೆದು ಹೋಗಿ ಹಣೆ ಬಡಿದುಕೊಳ್ಳುವವರ ಪೈಕಿ ನಾನೂ ಒಬ್ಬ. ಉಡುಪಿಯ ಬಟ್ಟೆ ಅಂಗಡಿಯೊಂದರವರು ನನ್ನ ಹಣೆ ತಗುಲಿದ ಮೇಲೆಯೇ ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿದ್ದು. ನಾನು ಊರಿಗೆ ಸಲ್ಲಿಸಿದ ಏಕೈಕ ಸೇವೆ ಅದು ಎನ್ನುತ್ತಾಳೆ ನನ್ನ ಹೆಂಡತಿ. ಇಂಥವನ ಹೊಟ್ಟೆಪಾಡೋ, ಮಣಿಪಾಲದ ಸಣ್ಣ ವರ್ಕ್‌ಶಾಪೊಂದರಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಕ್ಯಾಡ್ ಎಂಬ ತಂತ್ರಾಂಶದಿಂದ ಯಂತ್ರಗಳ ನಕ್ಷೆ ಮಾಡುವುದು.

ಕಳೆದ ವರ್ಷ ಮಲ್ಪೆಯ ಮೀನು ಮಾರುವ ಹೆಂಗಸರ ಸಂಘಕ್ಕೆ ಐಸ್ ಪುಡಿ ಮಾಡುವ ಯಂತ್ರ ಬೇಕಾಯಿತು. ಸಂಘದ ಮುಖ್ಯಸ್ಥೆ ಸುಶೀಲಕ್ಕ, ಒಳಗೆ ಎಂತ ಉಂಟೆಂದು ನೋಡದೆ ಒಪ್ಪುವುದಿಲ್ಲ ಎಂದರು. ಅದಕ್ಕೇನು, ಉಕ್ಕಿನ ಮುಚ್ಚಳವನ್ನು ಪರದೆಯ ಮೇಲೆ ಅರೆಪಾರದರ್ಶಕ ಮಾಡಿದೆ. ತೊಂದರೆ ಶುರುವಾದದ್ದೇ ಆಗ. ಕ್ಯಾಡ್ ಪ್ರತಿ ಅಂಚಿಗೂ ಕಪ್ಪು ಗೆರೆ ಎಳೆಯುತ್ತದೆ. ಮುಚ್ಚಳದ ಮುಂದಿನ ಅಂಚು, ಹಿಂದಿನ ಅಂಚು, ಒಳಗೆ ಐಸ್ ಪುಡಿ ಮಾಡುವ ಉರುಳೆಯ ಹಲ್ಲುಗಳ ಅಂಚು, ಎಲ್ಲವೂ ಒಟ್ಟಿಗೆ ಕಂಡು, ಚಿತ್ರ ದೋಣಿ ನಿಲ್ಲುವ ದಕ್ಕೆಯಲ್ಲಿ ರಾಶಿ ಹಾಕಿದ ಹರಿದ ಬಲೆಯ ಹಾಗಾಯಿತು. ನಾನೋ ಸೌಂದರ್ಯಪ್ರಿಯ. ಎರಡು ದಿನ ಒದ್ದಾಡಿ ಮುಚ್ಚಳದ ಗೆರೆಗಳನ್ನೆಲ್ಲ ಮರೆಮಾಡಿದೆ. ಮುಚ್ಚಳ ತೆಳು ಮಂಜಿನಂತಾಗಿ, ಹಲ್ಲುಗಳು ಅದರೊಳಗೆ ಹೊಳೆಯತೊಡಗಿದವು. ನಮ್ಮ ಯಜಮಾನರು "ಭಾರೀ ಚಂದ" ಎಂದದ್ದೇ ತಡ, ನಾನು ಎರಡಿಂಚು ಉಬ್ಬಿದೆ.

ಸುಶೀಲಕ್ಕ ಬಂದು ಕುಳಿತು ಕನ್ನಡಕ ಹಾಕಿಕೊಂಡರು.

"ಐಸ್ ಹಾಕುವ ಬಾಯಿ ಎಲ್ಲುಂಟು?"

"ಇಲ್ಲಿ."

"ಇಲ್ಲಿ ಅಂದ್ರೆ ಎಲ್ಲಿ ಮಾರಾಯ್ರೆ? ಹೊಗೆ ಮಾತ್ರ ಕಾಣ್ತದೆ."

ಒಲ್ಲದ ಮನಸ್ಸಿನಿಂದ ಗೆರೆಗಳನ್ನು ವಾಪಸು ತಂದೆ. ಅವರು ಬಳೆ ಪರದೆಗೆ ತಾಗುವಷ್ಟು ಬಾಗಿ, ಬಾಯಿಯ ಅಂಚಿನಿಂದ ಹಲ್ಲಿನವರೆಗೆ ಬೆರಳೆಳೆದು, ದೂರ ಎಷ್ಟೆಂದು ಕೇಳಿದರು. ಒಂದೂವರೆ ಅಡಿ ಎಂದೆ.

"ಮೊಣಕೈವರೆಗೆ ಅಳತೆ ಹಿಡಿದದ್ದಲ್ವಾ? ಐಸ್ ಸಿಕ್ಕಿಕೊಂಡ್ರೆ ನಾವು ಭುಜದವರೆಗೆ ಕೈ ಹಾಕಿ ದೂಡುವುದು. ಗಿರಾಕಿ ಕಾಯುವಾಗ ಕೋಲು ಹುಡುಕ್ಲಿಕ್ಕೆ ಆಗ್ತದಾ? ನನ್ನ ನಾದಿನಿಯ ಬೆರಳ ತುದಿ ಹಳೆ ಯಂತ್ರದಲ್ಲಿ ಹೋದದ್ದು ಹಾಗೆಯೇ."

ಬಂಗುಡೆ ಮೀನಿನ ರೇಟು ಹೇಳುವಷ್ಟೇ ಸಹಜವಾಗಿ ಹೇಳಿದರು. ಹೌದು, ನಾನು ಅಳೆದದ್ದು ಮೇಜಿನ ಮೇಲಿದ್ದ ನನ್ನದೇ ಮೊಣಕೈಯನ್ನು. ಐಸ್ ಮುಟ್ಟುವುದೆಂದರೆ ನನಗೆ ಕಬ್ಬಿನ ಹಾಲಿನ ಲೋಟದಷ್ಟೇ ಗೊತ್ತು. ಅಷ್ಟೇ ಅಲ್ಲ, ಆ ತಪ್ಪು ಯಾರಿಗೂ ಕಾಣದ ಹಾಗೆ ಎರಡು ದಿನ ಕುಳಿತು ಗೆರೆ ಅಳಿಸಿದವನೂ ನಾನೇ. ನಾಚಿಕೆಯಾಯಿತು.

ಬಾಯಿಯನ್ನು ಮೂರಡಿಯ ಕೊಳವೆ ಮಾಡಿ, ನಡುವೆ ಒಂದು ತಿರುವು ಕೊಟ್ಟು, ಪಕ್ಕದಲ್ಲಿ ದೂಡುವ ಕೋಲನ್ನು ಸರಪಳಿಯಲ್ಲಿ ಕಟ್ಟಿದೆವು. ಯಂತ್ರ ಮಲ್ಪೆಗೆ ಬಂದ ದಿನ, ಕರೆಂಟು ಕೊಡುವ ಮೊದಲು, ಸುಶೀಲಕ್ಕ ಸೆರಗು ಸಿಕ್ಕಿಸಿ ಭುಜದವರೆಗೆ ಕೈ ತೂರಿಸಿದರು. ಒಳಗೆ ತಡಕಾಡಿ, "ಹಲ್ಲು ಕೈಗೆ ಸಿಗುದಿಲ್ಲ" ಎಂದು ನಕ್ಕರು. ಪಕ್ಕದಲ್ಲಿದ್ದ ನಾದಿನಿಯೂ ನಕ್ಕರು. ನನಗೆ ಅವರಿಬ್ಬರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕಣ್ಣು ಒದ್ದೆಯಾಗಿ, ಮಲ್ಪೆಯ ಗಾಳಿಯಲ್ಲಿ ಉಪ್ಪು ಜಾಸ್ತಿ ಎಂದು ಏನೋ ಹೇಳಿ ಪಾರಾದೆ.

ಗೆರೆಗಳಿರುವ ಚಿತ್ರ ಈಗ ಸಂಘದ ಗೋಡೆಯಲ್ಲಿದೆ. ನನಗೆ ಬುದ್ಧಿ ಬಂತೆಂದು ನೀವು ತಿಳಿದಿರಬಹುದು. ಆದರೆ ನನ್ನ ಫೋನಿನಲ್ಲಿರುವುದು ಗೆರೆಗಳಿಲ್ಲದ ಆ ಮಂಜಿನ ಚಿತ್ರವೇ. ಸಿಕ್ಕಿದವರಿಗೆಲ್ಲ ತೋರಿಸುತ್ತೇನೆ. ಬಾಯಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಸುಶೀಲಕ್ಕನನ್ನು ಕೇಳಿ ಎನ್ನುತ್ತೇನೆ.